ಉಳಿಯುವ ಅಂಗಗಳು, ತೆರಳುವ ಅಂಗಗಳು

ಆಟಗಳಿಗೆಂದು ಕಂಪ್ಯೂಟರೊಂದನ್ನು ಬಿಡಿಭಾಗಗಳಿಂದ ಕೂಡಿಸಿಕೊಳ್ಳಹೊರಟವರು, ಅದರಲ್ಲಿಯೂ ಹಣಕ್ಕೆ ಮಿತಿಯುಳ್ಳ ಮಧ್ಯಮವರ್ಗದ ಮನೆಯವರು, ಮೊಟ್ಟಮೊದಲು ವಿಚಾರಿಸುವುದು ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು, ತರುವಾಯ ಪ್ರಾಸೆಸರಿನ ಹೆಸರನ್ನು. ಇವೆರಡಕ್ಕೂ ತೆತ್ತು ಉಳಿದ ಹಣದಲ್ಲಿ ಮಿಕ್ಕೆಲ್ಲವೂ ಹೇಗೋ ಒದಗಿಬಂದೀತೆಂಬುದು ಅವರ ಎಣಿಕೆ. ಆಟದ ವೇಗವೂ ಚಿತ್ರದ ಸೊಬಗೂ ಆ ಎರಡು ಅಂಗಗಳಿಂದಲೇ ಹೊಮ್ಮುವುದರಿಂದ ಈ ಕ್ರಮ ಸಹಜವಾದುದೇ. ಆದರೆ ಕೊಂಡ ಯಂತ್ರವು ಹಲವು ವರ್ಷ ಬಾಳಬೇಕು, ನಡುನಡುವೆ ಒಂದೊಂದು ಭಾಗವನ್ನು ಬದಲಿಸಿ ಅದನ್ನು ಕಾಲಕ್ಕೆ ತಕ್ಕಂತೆ ಮಾಡಿಕೊಳ್ಳುವಂತಿರಬೇಕು ಎಂಬ ಅಪೇಕ್ಷೆಯುಳ್ಳವರಿಗೆ ಈ ಕ್ರಮ ಒಗ್ಗದು. ಅಂಥವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಬೇರೆ. ಈ ಯಂತ್ರದಲ್ಲಿ ದೀರ್ಘಕಾಲ ಉಳಿಯತಕ್ಕ ಅಂಗಗಳು ಯಾವುವು, ನಡುವೆ ತೆರಳತಕ್ಕವು ಯಾವುವು? ಉಳಿಯುವುದಕ್ಕೆ ಕೈಬಿಚ್ಚಿ ಕೊಡಬೇಕು, ತೆರಳುವುದಕ್ಕೆ ಮಿತವಾಗಿ ಕೊಡಬೇಕು ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು, ದಾವಣಗೆರೆಯಲ್ಲಿರುವ ನನ್ನ ಸೋದರಳಿಯನಿಗಾಗಿ 2019ರಲ್ಲಿ ಕೂಡಿಸಿದ ಯಂತ್ರವೊಂದನ್ನು ಅಂದಿನಿಂದ ಇಂದಿನವರೆಗೆ ನೋಡಿಕೊಂಡು ಬಂದುದರಿಂದ.

ಅಕ್ಕನ ಮನೆಯವರು ಮೊದಲು ಬಯಸಿದ್ದು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಡೆಸ್ಕ್‌ಟಾಪನ್ನು. ಸ್ನೇಹಿತರೊಬ್ಬರ ಮನೆಯಲ್ಲಿ ಅಂಥದೊಂದನ್ನು ಬಿಚ್ಚಿ ನೋಡುವ ಅವಕಾಶ ನನಗೆ ಅದಕ್ಕೆ ಮೊದಲೇ ಒದಗಿದ್ದಿತು. ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಮಾರ್ಪಡಿಸಿ ಕೊಡುವ ಅದರ ಎಸ್‌ಎಂಪಿಎಸ್ ಸಾಧಾರಣ ಅಳತೆಯದಾಗಿರಲಿಲ್ಲ. ಮದರ್‌ಬೋರ್ಡಿಗೆ ವಿದ್ಯುತ್ತನ್ನು ಒಯ್ಯುವ ಕನೆಕ್ಟರು ಎಲ್ಲೆಡೆಯೂ ಕಾಣುವ 24 ಪಿನ್ನಿನದಾಗಿರದೆ ಆ ತಯಾರಕರು ತಮಗಾಗಿಯೇ ಮಾಡಿಕೊಂಡದ್ದಾಗಿದ್ದಿತು. ಉದ್ದವಾದ ಗ್ರಾಫಿಕ್ಸ್ ಕಾರ್ಡನ್ನು ಇರಿಸಲು ಒಳಗೆ ಎಡೆಯೇ ಇರಲಿಲ್ಲ. ಒಂದನ್ನು ಬದಲಿಸಬೇಕಾದರೆ ಎಲ್ಲವನ್ನೂ ಬದಲಿಸಬೇಕಾದ ಅಂಥ ಯಂತ್ರವನ್ನು ಕೊಳ್ಳುವುದು ಬೇಡವೆಂದು ಅಕ್ಕನಿಗೆ ಹೇಳಿ, ಅಳಿಯನನ್ನು ಕರೆದುಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆನು. ಟೌನ್ ಹಾಲಿನ ಹಿಂಬದಿಯ ಆ ಇಕ್ಕಟ್ಟಾದ ಬೀದಿಯಲ್ಲಿ ಭಾಗಗಳನ್ನು ಕೈಯಲ್ಲಿ ಹಿಡಿದು, ಪೆಟ್ಟಿಗೆಯ ಮೇಲಣ ಬರಹವನ್ನು ಓದಿ, ನಾಲ್ಕು ಅಂಗಡಿಗಳಲ್ಲಿ ಬೆಲೆ ಕೇಳಿ ಕೊಳ್ಳುವುದಕ್ಕೆ ಇರುವ ಅನುಕೂಲ ದೊಡ್ಡದು.

ಅಲ್ಲಿ ಚರ್ಚೆ ಹುಟ್ಟಿದ್ದು ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಲ್ಲ, ಎಸ್‌ಎಂಪಿಎಸ್ಸಿನ ವಿಷಯದಲ್ಲಿ. “ಸಾರ್, ಕ್ಯಾಬಿನೆಟ್ ಜೊತೆಗೇ ಎಸ್‌ಎಂಪಿಎಸ್ ಬರುತ್ತೆ, 450 ವಾಟ್‌ದು. ಅದಕ್ಯಾಕೆ ಬೇರೆ ದುಡ್ಡು ಹಾಕ್ತೀರಾ?” ಎಂದರು ಅಂಗಡಿಯವರು. “ಹೌದು ಮಾವ, ಆ ದುಡ್ಡು ಉಳಿದ್ರೆ ಇನ್ನೂ ದೊಡ್ಡ ಕಾರ್ಡೇ ತಗೋಬಹುದಲ್ಲ” ಎಂದು ಅಳಿಯನೂ ಅವರ ಪಕ್ಷವನ್ನೇ ಹಿಡಿದನು. ನಾನು ಆ ಎಸ್‌ಎಂಪಿಎಸ್ಸನ್ನು ಹೊರಳಿಸಿ, ಪಕ್ಕದಲ್ಲಿ ಅಂಟಿಸಿದ್ದ ಚೀಟಿಯನ್ನು ಅವನಿಗೆ ತೋರಿಸಿದೆನು. 450 ಎಂಬುದು ದಪ್ಪಕ್ಷರದಲ್ಲಿ ಅಚ್ಚಾಗಿದ್ದಿತು; ಅದರ ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಕಲಮಿನ ಎದುರಿಗೆ 18 ಆಂಪಿಯರ್ ಎಂದು ಇದ್ದಿತು. ಇವೆರಡನ್ನು ಗುಣಿಸಿದರೆ ಬರುವುದು 216 ವಾಟ್. ಪ್ರಾಸೆಸರೂ ಗ್ರಾಫಿಕ್ಸ್ ಕಾರ್ಡೂ ತಮಗೆ ಬೇಕಾದ ವಿದ್ಯುತ್ತನ್ನು ಬಹುಮಟ್ಟಿಗೆ ಈ 12 ವೋಲ್ಟಿನ ಹಾದಿಯಿಂದಲೇ ಸೆಳೆಯುತ್ತವೆ. ನಾವು ಆರಿಸಿಕೊಂಡಿದ್ದ ಆರ್‌ಎಕ್ಸ್ 580 ಕಾರ್ಡಿಗೆ ತಯಾರಕರು ಹೇಳುವ ಅಗತ್ಯವೇ 185 ವಾಟ್. ರೈಜೆನ್ 5 2600 ಪ್ರಾಸೆಸರಿಗೆ 65 ವಾಟ್. ಕೂಡಿದರೆ 250. ಲೆಕ್ಕವನ್ನು ಅಳಿಯನೇ ಬಾಯಿಯಲ್ಲಿ ಮಾಡಿದನು. ಅಂಗಡಿಯವರೂ ನಕ್ಕು, ಒಳಗಿನಿಂದ ಬೇರೆಯ ಪೆಟ್ಟಿಗೆಯನ್ನು ತರಿಸಿದರು. ನಾವು ಕೊಂಡದ್ದು 650 ವಾಟಿನದು. ಅದರ ಚೀಟಿಯಲ್ಲಿ 12 ವೋಲ್ಟಿಗೆ 54 ಆಂಪಿಯರ್ ಇದ್ದಿತು, ಅಂದರೆ 648 ವಾಟ್. ಹೇಳಿದ ಶಕ್ತಿಯಲ್ಲಿ ಬಹುಪಾಲು ಬೇಕಾದ ಕಡೆಗೇ ಹರಿಯುತ್ತದೆಂಬುದಕ್ಕೆ ಈ ಒಂದು ಸಾಲು ಸಾಕು.

ಬ್ರಾಂಜ್, ಗೋಲ್ಡ್ ಎಂಬ 80 ಪ್ಲಸ್ ಮುದ್ರೆಗಳನ್ನು ಹಲವರು ಬಾಳಿಕೆಯ ಮುದ್ರೆಗಳೆಂದು ತಿಳಿಯುತ್ತಾರೆ. ಅವು ಹೇಳುವುದು ಗೋಡೆಯಿಂದ ಸೆಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಖವಾಗಿ ವ್ಯಯವಾಗದೆ ಯಂತ್ರಕ್ಕೆ ಮುಟ್ಟುತ್ತದೆಂಬುದನ್ನು ಮಾತ್ರ. ಬಾಳಿಕೆಯನ್ನು ಅರಿಯಬೇಕಾದರೆ ವಾರಂಟಿಯ ವರ್ಷಗಳನ್ನು ನೋಡುವುದು ಮೇಲು. ಐದು, ಏಳು, ಹತ್ತು ವರ್ಷಗಳ ಭರವಸೆ ಕೊಡುವ ಎಸ್‌ಎಂಪಿಎಸ್ಸುಗಳು ನಮ್ಮಲ್ಲಿಯೂ ದೊರೆಯುತ್ತವೆ. ಇಲ್ಲಿ ಇನ್ನೊಂದು ಮಾತನ್ನು ಸೇರಿಸತಕ್ಕದ್ದು. ತಂತಿಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದವರು, ಮುಂದೆ ಅದನ್ನು ಬದಲಿಸುವಾಗ ಹಳೆಯದರ ತಂತಿಗಳನ್ನು ಹೊಸದಕ್ಕೆ ಸಿಕ್ಕಿಸಕೂಡದು. ಎಸ್‌ಎಂಪಿಎಸ್ಸಿನ ಕಡೆಯ ತುದಿಯಲ್ಲಿ ಪಿನ್ನುಗಳ ಕ್ರಮಕ್ಕೆ ಸರ್ವಸಾಮಾನ್ಯವಾದ ನಿಯಮವಿಲ್ಲ, ತುದಿ ಸರಿಯಾಗಿ ಕೂತರೂ ವೋಲ್ಟೇಜು ತಪ್ಪಾದ ಕಡೆಗೆ ಹೋಗಿ ಡಿಸ್ಕು ಸುಟ್ಟುಹೋಗಬಹುದು. ನಮ್ಮ ಜಿಲ್ಲೆಗಳಲ್ಲಿ ಮನೆಮನೆಗೂ ಇರುವ ಇನ್ವರ್ಟರುಗಳ ಪೈಕಿ ಅಗ್ಗದ ಚೌಕ ತರಂಗದವುಗಳಿಗೆ ಒಳ್ಳೆಯ ಎಸ್‌ಎಂಪಿಎಸ್ಸುಗಳು ಕೆಲವೊಮ್ಮೆ ಒಗ್ಗದೆ, ಕರೆಂಟು ಹೋದ ಕ್ಷಣದಲ್ಲಿ ಯಂತ್ರ ಆರಿಬಿಡುವುದುಂಟು. ಸೈನ್ ವೇವ್ ಇನ್ವರ್ಟರು ಅಥವಾ ಯುಪಿಎಸ್ ಇದ್ದರೆ ಕ್ಷೇಮ.

ಉಳಿಯುವ ಅಂಗಗಳಲ್ಲಿ ಎಸ್‌ಎಂಪಿಎಸ್ ಮೊದಲನೆಯದಾದರೆ, ಎರಡನೆಯದು, ಮತ್ತು ಅತ್ಯಂತ ಆಲೋಚನೆಯನ್ನು ಬೇಡುವುದು, ಮದರ್‌ಬೋರ್ಡು. ಬೋರ್ಡಿನ ಮೇಲೆ ಪ್ರಾಸೆಸರು ಕೂರುವ ಸಾಕೆಟ್ಟಿನ ಆಯುಷ್ಯವೇ ಯಂತ್ರದ ಆಯುಷ್ಯವೆಂದರೆ ತಪ್ಪಾಗದು. ರೈಜೆನ್ ಪ್ರಾಸೆಸರುಗಳೊಡನೆ 2017ರಲ್ಲಿ ಜನರ ಕೈಗೆ ಬಂದ ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟು ಬಹು ವರ್ಷ ನಿಂತಿತು. ಅದೇ ಅವಧಿಯಲ್ಲಿ ಇಂಟೆಲ್ ಸಂಸ್ಥೆಯವರು 2020ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಸಾಕೆಟ್ಟನ್ನು ಬದಲಿಸಿದರು. ಇಂಟೆಲ್ಲಿನ ಪ್ರಾಸೆಸರುಗಳು ಕೀಳೆಂದು ನಾನು ಹೇಳುತ್ತಿಲ್ಲ. ಒಮ್ಮೆ ಕೊಂಡು ಹಾಗೆಯೇ ಕೊನೆಯವರೆಗೆ ಬಳಸುವವನಿಗೆ ಈ ಭೇದದಿಂದ ಬಾಧಕವಿಲ್ಲ. ಪ್ರಾಸೆಸರನ್ನು ಬದಲಿಸುವ ಉದ್ದೇಶವುಳ್ಳವನಿಗೆ ಮಾತ್ರ ಇದು ನಿರ್ಣಾಯಕ. ಆದರೂ ತಯಾರಕರ ಆಶ್ವಾಸನೆಯನ್ನು ಶಿಲಾಶಾಸನವೆಂದು ಭಾವಿಸಲಾಗದೆಂಬುದು 2020ರ ಮೇ ತಿಂಗಳಿನಲ್ಲಿ ಕಂಡುಬಂದಿತು. ನಮ್ಮದು ಎಎಂ4 ಸಾಕೆಟ್ಟಿನ, ಬಿ450 ಚಿಪ್‌ಸೆಟ್ಟಿನ ಬೋರ್ಡು. ಮುಂಬರುವ ಪ್ರಾಸೆಸರುಗಳು ಆ ಬೋರ್ಡುಗಳಲ್ಲಿ ನಡೆಯವೆಂದು ಎಎಂಡಿಯವರು ಆಗ ಪ್ರಕಟಿಸಿದರು. ಬಳಕೆದಾರರಲ್ಲಿ ಅಸಮಾಧಾನವೆದ್ದಿತು, ಅದೇ ತಿಂಗಳಿನಲ್ಲಿ ಅವರು ತಮ್ಮ ನಿರ್ಧಾರವನ್ನು ಹಿಂದೆಗೆದುಕೊಂಡರು. ಹಾಗಾಗಿಯೇ 2023ರಲ್ಲಿ ನಮ್ಮ ಹಳೆಯ ಬೋರ್ಡಿನಲ್ಲಿ ರೈಜೆನ್ 5 5600 ಪ್ರಾಸೆಸರನ್ನು ಕೂರಿಸಲು ಸಾಧ್ಯವಾಯಿತು.

ಆ ಬದಲಾವಣೆಯ ಕ್ರಮವನ್ನು ಕೊಂಚ ವಿವರವಾಗಿ ಹೇಳುವುದು ಉಪಯುಕ್ತ. ಹೊಸ ಪ್ರಾಸೆಸರನ್ನು ಗುರುತಿಸುವ ಜ್ಞಾನ ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸಿನ ಹಳೆಯ ಆವೃತ್ತಿಯಲ್ಲಿ ಇರದು. ಆದುದರಿಂದ ಹಳೆಯ ಪ್ರಾಸೆಸರು ಇನ್ನೂ ಸಾಕೆಟ್ಟಿನಲ್ಲಿರುವಾಗಲೇ, ಬೋರ್ಡು ತಯಾರಕರಿಂದ ಹೊಸ ಬಯಾಸನ್ನು ಪಡೆದು, ಪೆನ್ ಡ್ರೈವಿನ ಮೂಲಕ ಏರಿಸಿಕೊಳ್ಳಬೇಕು. ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ನಿರ್ಜೀವವಾಗುವ ಅಪಾಯವಿರುವುದರಿಂದ ಯುಪಿಎಸ್ ಇರತಕ್ಕದ್ದು. ಅನಂತರ ಕೂಲರನ್ನು ತೆಗೆಯಬೇಕು. ಎಎಂ4 ಪ್ರಾಸೆಸರಿನ ತಳದಲ್ಲಿ ಕೂದಲೆಳೆಯಂಥ ನೂರಾರು ಪಿನ್ನುಗಳಿರುತ್ತವೆ. ವರ್ಷಗಳಿಂದ ಒಣಗಿದ ಥರ್ಮಲ್ ಪೇಸ್ಟು ಕೂಲರಿಗೂ ಪ್ರಾಸೆಸರಿಗೂ ನಡುವೆ ಅಂಟಾಗಿ ನಿಂತಿರುತ್ತದೆ. ನೇರವಾಗಿ ಮೇಲಕ್ಕೆಳೆದರೆ, ಸಾಕೆಟ್ಟಿನ ಲಿವರು ಬಿಗಿಯಾಗಿಯೇ ಇದ್ದರೂ, ಪ್ರಾಸೆಸರು ಕೂಲರಿನೊಡನೆ ಕಿತ್ತುಬಂದು ಪಿನ್ನುಗಳು ಬಾಗುವುದುಂಟು. ಆದಕಾರಣ ಅಳಿಯನಿಗೆ ಮೊದಲು ಒಂದು ಆಟವನ್ನು ಸ್ವಲ್ಪ ಹೊತ್ತು ಆಡುವಂತೆ ಹೇಳಿದೆನು. ಯಂತ್ರ ಬಿಸಿಯೇರಿ ಪೇಸ್ಟು ಮೆತ್ತಗಾದ ಮೇಲೆ, ಆರಿಸಿ, ತಂತಿ ಕಿತ್ತು, ಸ್ಕ್ರೂಗಳನ್ನು ಮೂಲೆಯಿಂದ ಎದುರುಮೂಲೆಗೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಹೊರಳಿಸುತ್ತ ಬಂದಾಗ ಅದು ತಾನಾಗಿ ಬಿಟ್ಟುಕೊಂಡಿತು. ಹೊಸ ಎಎಂ5 ಸಾಕೆಟ್ಟಿನಲ್ಲಿ ಪಿನ್ನುಗಳು ಬೋರ್ಡಿನ ಕಡೆಗೆ ಇರುವುದರಿಂದ ಈ ಭಯವಿಲ್ಲ. ಅಲ್ಲಿ ಸಾಕೆಟ್ಟಿನೊಳಕ್ಕೆ ಬೆರಳು ತಾಗದಂತೆ ಎಚ್ಚರವಿದ್ದರಾಯಿತು.

ಪ್ರಾಸೆಸರಿನೊಡನೆಯೇ ಗ್ರಾಫಿಕ್ಸ್ ಕಾರ್ಡನ್ನೂ ಬದಲಿಸಿದೆವು. ಇಲ್ಲಿ ವೇಗದ ಅಂಕಿಗಳಿಗಿಂತ ಎರಡು ಸಂಗತಿಗಳು ನನಗೆ ಮುಖ್ಯವಾಗಿ ಕಂಡವು. ಒಂದು, ಕಾರ್ಡಿನ ಸ್ವಂತ ಸ್ಮೃತಿ. 2023ರ ಮಾರ್ಚಿನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಎಂಬ ಆಟ ಕಂಪ್ಯೂಟರಿಗೆ ಬಂದಾಗ 8 ಜಿಬಿಯ ಕಾರ್ಡುಗಳು ಉನ್ನತ ಚಿತ್ರಸ್ತರದಲ್ಲಿ ತಿಣುಕಾಡಿದವು. ಕಾರ್ಡಿನ ಗಣನಶಕ್ತಿ ಸಾಲದಾದರೆ ಚಿತ್ರಸ್ತರವನ್ನು ಇಳಿಸಿಕೊಂಡು ಆಡಬಹುದು; ಸ್ಮೃತಿ ಸಾಲದಾದರೆ ಆಟವು ತಡೆತಡೆದು ಜಗ್ಗುತ್ತದೆ, ಅದು ಕಣ್ಣಿಗೂ ಕೈಗೂ ಹಿಂಸೆ. ಇನ್ನೊಂದು, ಕಾರ್ಡು ಬೋರ್ಡಿನೊಡನೆ ಮಾತಾಡುವ ಪಿಸಿಐ ಎಕ್ಸ್‌ಪ್ರೆಸ್ ಹಾದಿಗಳ ಸಂಖ್ಯೆ. ಬಿ450 ಬೋರ್ಡಿನಲ್ಲಿರುವುದು ಆ ಹಾದಿಯ ಮೂರನೆಯ ಆವೃತ್ತಿ. ಒಂದೊಂದು ಹಾದಿಯ ಸಾಗಾಟ ನಾಲ್ಕನೆಯದರ ಅರ್ಧ. ಹದಿನಾರು ಹಾದಿಗಳ ಕಾರ್ಡಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಎಂಟು ಹಾದಿಗಳದಕ್ಕೆ ಕೆಲವು ಆಟಗಳಲ್ಲಿ ಕೊಂಚ ನಷ್ಟ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ನಾಲ್ಕೇ ಹಾದಿಗಳೂ 4 ಜಿಬಿ ಸ್ಮೃತಿಯೂ ಉಳ್ಳದ್ದು ಹಳೆಯ ಬೋರ್ಡಿನಲ್ಲಿ ಗಣನೀಯವಾಗಿ ಕುಗ್ಗುತ್ತದೆ. ಹಳೆಯ ಬೋರ್ಡಿಗೆ ಹೊಸ ಕಾರ್ಡನ್ನು ಕೊಳ್ಳುವವರಿಗೆ ಈ ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಾವು ತಂದದ್ದು 12 ಜಿಬಿ ಸ್ಮೃತಿಯ, ಹದಿನಾರು ಹಾದಿಗಳ ಆರ್‌ಎಕ್ಸ್ 6700 ಎಕ್ಸ್‌ಟಿ. ಅದರ ಅಗತ್ಯ 230 ವಾಟ್. ತಯಾರಕರು ಶಿಫಾರಸು ಮಾಡುವ ಎಸ್‌ಎಂಪಿಎಸ್ 650 ವಾಟ್. ನಾಲ್ಕು ವರ್ಷ ಹಿಂದೆ ಹೆಚ್ಚೆಂದು ತೋರಿದ್ದ ಆ ವೆಚ್ಚ ಅಂದು ಸಾರ್ಥಕವಾಯಿತು. ಕ್ಯಾಬಿನೆಟ್ಟಿನಲ್ಲಿಯೂ ಕಾರ್ಡಿಗೆ ಬೇಕಾದ ಉದ್ದ ಮೊದಲಿನಿಂದಲೇ ಇದ್ದಿತು.

ಕಾರ್ಡನ್ನು ಆರಿಸುವ ಮುನ್ನ ಮಾನಿಟರನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1920ಕ್ಕೆ 1080ರ ಪರದೆಯಲ್ಲಿ ಪ್ರತಿ ಚಿತ್ರಕ್ಕೂ 20,73,600 ಬಿಂದುಗಳನ್ನು ಬಣ್ಣಗೂಡಿಸಬೇಕು. 2560ಕ್ಕೆ 1440ರದರಲ್ಲಿ 36,86,400. ಒಂದಕ್ಕೆ ಪುಷ್ಕಳವಾದ ಕಾರ್ಡು ಮತ್ತೊಂದಕ್ಕೆ ಸಾಲದಾಗುವುದು ಇದರಿಂದಲೇ. ಮಾನಿಟರು ಉಳಿಯುವ ಅಂಗ. ಮೂರು ಕಾರ್ಡುಗಳು ಬಂದುಹೋದರೂ ಅದು ಮೇಜಿನ ಮೇಲೆ ಇದ್ದೇ ಇರುತ್ತದೆ. ಸೆಕೆಂಡಿಗೆ 144 ಸಲ ಚಿತ್ರವನ್ನು ಬದಲಿಸಬಲ್ಲ ಮಾನಿಟರನ್ನು ತಂದಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಸ್ ಎಂದು ತಾವೇ ಆರಿಸಬೇಕಾಗುವುದುಂಟು. ಇಲ್ಲವಾದರೆ 60ರಲ್ಲಿಯೇ ನಡೆಯುತ್ತಿರುತ್ತದೆ, ಕೊಟ್ಟ ಹಣದ ಫಲ ಕಾಣುವುದಿಲ್ಲ. ರ‍್ಯಾಮಿನ ವಿಷಯವೂ ಹಾಗೆಯೇ. ಪೆಟ್ಟಿಗೆಯ ಮೇಲೆ 3200 ಎಂದಿದ್ದರೂ ಬಯಾಸಿನಲ್ಲಿ ಆ ವೇಗವನ್ನು ಜಾರಿಗೆ ತರುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡುವವರೆಗೆ ಅದು ಕಡಿಮೆ ವೇಗದಲ್ಲಿಯೇ ಇರುತ್ತದೆ. ಒಂದೇ ದೊಡ್ಡ ಕಡ್ಡಿಗಿಂತ ಸಮನಾದ ಎರಡು ಕಡ್ಡಿಗಳು ಲೇಸು. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಅವನ್ನು ಪ್ರಾಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಕೂರಿಸುವುದು ವಾಡಿಕೆ.

ಆಟಗಳನ್ನು ಇರಿಸುವ ಎಸ್‌ಎಸ್‌ಡಿ 1 ಟಿಬಿಗಿಂತ ಕಡಿಮೆ ಬೇಡ. ‘ಬಾಲ್ಡರ್ಸ್ ಗೇಟ್ 3’ ಆಟವೊಂದೇ 150 ಜಿಬಿಯನ್ನು ಬೇಡುತ್ತದೆ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಧೂಳಿನ ಸೋಸು ಬಿಚ್ಚಿ ತೊಳೆಯಲು ಬರುವಂತಿರಲಿ. ದಾವಣಗೆರೆಯ ಏಪ್ರಿಲ್ ತಿಂಗಳಿನ ಮಧ್ಯಾಹ್ನದಲ್ಲಿ ಬಣ್ಣಬಣ್ಣದ ದೀಪಗಳಿಗಿಂತ ಗಾಳಿಯಾಡುವ ಪೆಟ್ಟಿಗೆಯೇ ಉಪಕಾರಿ.

ಈಗ ಅಳಿಯನು ಮುಂದಿನ ಬದಲಾವಣೆಯ ಮಾತೆತ್ತಿದ್ದಾನೆ. ಎಎಂ4ರ ಹಾದಿ ಬಹುಮಟ್ಟಿಗೆ ಮುಗಿದಿರುವುದರಿಂದ ಈ ಸಲ ಬೋರ್ಡು, ಪ್ರಾಸೆಸರು, ರ‍್ಯಾಮು ಮೂರೂ ಒಟ್ಟಿಗೆ ಹೋಗಬೇಕು. 2022ರಲ್ಲಿ ಬಂದ ಎಎಂ5ನ್ನು 2027ರವರೆಗಾದರೂ ನಡೆಸುವುದಾಗಿ ಎಎಂಡಿಯವರು ಹೇಳಿದ್ದಾರೆ; ಅದರಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ, ಅದರ ಬೆಲೆಯಾದರೋ 2025ರ ಕೊನೆಯ ತಿಂಗಳುಗಳಲ್ಲಿ ಏಕಾಏಕಿ ಏರಿಬಿಟ್ಟಿತು. ಬೆಲೆ ಇಳಿಯುವವರೆಗೆ ಕಾಯೋಣವೆಂದು ಅವನಿಗೆ ಹೇಳಿದ್ದೇನೆ. 5600 ಇನ್ನೂ ಅವನ ಆಟಗಳಿಗೆ ಕುಂದುತಂದಿಲ್ಲ. ಕೊಳ್ಳುವ ದಿನ ಬಂದಾಗ 16 ಜಿಬಿಯ ಎರಡು ಕಡ್ಡಿಗಳನ್ನು ಒಮ್ಮೆಗೇ ತರಬೇಕು, ಏಕೆಂದರೆ ಡಿಡಿಆರ್4ರಲ್ಲಿ ನಾವು ಮಾಡಿದಂತೆ ಇಂದು ಎರಡು, ಮುಂದೆ ಎರಡು ಎಂದು ನಾಲ್ಕು ಸ್ಲಾಟುಗಳನ್ನೂ ತುಂಬಿದರೆ ಡಿಡಿಆರ್5ರಲ್ಲಿ ವೇಗ ಬಹಳ ಇಳಿಯುತ್ತದೆ. ಬೋರ್ಡಿನಲ್ಲಿ, ಪ್ರಾಸೆಸರು ಇಲ್ಲದೆಯೇ ಬಯಾಸನ್ನು ಏರಿಸುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರಬೇಕು, ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟುಗಳು ಎರಡಕ್ಕೆ ಕಡಿಮೆಯಿರಬಾರದು. ಎಸ್‌ಎಂಪಿಎಸ್ಸಿನ ಬಿಲ್ಲನ್ನು ಅಕ್ಕ ಜೋಪಾನವಾಗಿ ಇಟ್ಟಿದ್ದಾಳೆ. ಅದರ ವಾರಂಟಿ ಮುಗಿಯುವ ತಿಂಗಳನ್ನು ನೋಡಿಕೊಂಡು ಅದನ್ನೂ ಆಗಲೇ ಬದಲಿಸುವುದೋ, ಇನ್ನೊಂದು ಕಾರ್ಡು ಬರುವವರೆಗೆ ಮುಂದುವರಿಸುವುದೋ ಎಂಬುದನ್ನು ತೀರ್ಮಾನಿಸುತ್ತೇವೆ. ಪ್ರಾಸೆಸರು ಮಾತ್ರ ಸದ್ಯಕ್ಕೆ ಆರು ಕೋರಿನದೇ ಸಾಕು.