ಹೊಸಬನೂ ನಮ್ಮವನೇ

ನಂತೂರು ಮಂಗಳೂರಿನ ಒಂದು ದೊಡ್ಡ ಜಂಕ್ಷನ್. ಇಲ್ಲಿ ನಾಲ್ಕು ದಿಕ್ಕಿನ ರಸ್ತೆಗಳು ಕೂಡುತ್ತವೆ. ಉತ್ತರಕ್ಕೆ ಹೋದರೆ ಉಡುಪಿ. ದಕ್ಷಿಣಕ್ಕೆ ಹೋದರೆ ಪಂಪ್‌ವೆಲ್, ಮುಂದೆ ಕಾಸರಗೋಡು. ಪೂರ್ವಕ್ಕೆ ಮೂಡುಬಿದಿರೆ. ಪಶ್ಚಿಮಕ್ಕೆ ಮಲ್ಲಿಕಟ್ಟೆ. ಹಗಲೂ ರಾತ್ರಿಯೂ ವಾಹನಗಳ ಸದ್ದು.

ನಾವು ಇಲ್ಲೇ ಹತ್ತಿರದವರು. ನಮಗೆ ಹಳೆಯ ಕಾರು ಎಂದರೆ ಬಹಳ ಪ್ರೀತಿ. ನಮ್ಮಲ್ಲಿ ಮೆಕ್ಯಾನಿಕ್ ಇದ್ದಾರೆ. ಟ್ಯಾಕ್ಸಿ ಓಡಿಸುವವರಿದ್ದಾರೆ. ಅಂಗಡಿಯವರೂ ಟೀಚರೂ ಇದ್ದಾರೆ. ಭಾನುವಾರ ಬೆಳಿಗ್ಗೆ ಒಬ್ಬರ ಮನೆ ಅಂಗಳದಲ್ಲಿ ಸೇರುತ್ತೇವೆ. ಬಾನೆಟ್ ಎತ್ತುತ್ತೇವೆ, ಚಾ ಕುಡಿಯುತ್ತೇವೆ. ಒಬ್ಬರ ಕಾರು ಕೆಟ್ಟರೆ ಎಲ್ಲರೂ ಕೈ ಹಾಕುತ್ತೇವೆ.

ಒಂದು ಭಾನುವಾರ ಒಬ್ಬ ಯುವಕ ಬಂದ. ಅವನ ತಂದೆ ತಾಯಿ ನಮ್ಮ ಊರಿನವರೇ. ಆದರೆ ಅವನು ಹುಟ್ಟಿ ಬೆಳೆದದ್ದು ಗಲ್ಫ್‌ನಲ್ಲಿ. ತುಳು ಮಾತಾಡುತ್ತಾನೆ. ಕನ್ನಡವೂ ಸ್ವಲ್ಪ ಬರುತ್ತದೆ. ಆದರೆ ಕನ್ನಡ ಓದಲು ಬಾರದು.

“ನನ್ನ ಅಜ್ಜನ ಅಂಬಾಸಿಡರ್ ಉಂಟು. 1972ರದ್ದು. ಹತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಅದನ್ನು ಸರಿ ಮಾಡಬೇಕು. ಅಜ್ಜಿಯನ್ನು ಅದರಲ್ಲಿ ಕರಕೊಂಡು ಹೋಗಬೇಕು” ಎಂದ.

ನಮ್ಮಲ್ಲಿ ಕೆಲವರು ನಕ್ಕರು. “ಪರದೇಶದ ಹೊಸ ಕಾರು ಓಡಿಸಿದವನಿಗೆ ಈ ಮುದಿ ಕಾರು ಎಂತಕ್ಕೆ?” ಎಂದರು. ಅವನು ಉತ್ತರ ಕೊಡಲಿಲ್ಲ. ಅಂಗಿಯ ತೋಳು ಮಡಚಿದ. ನಾವು ರಿಪೇರಿ ಮಾಡುತ್ತಿದ್ದ ಕಾರಿನ ಕೆಳಗೆ ನುಗ್ಗಿದ. ಮಧ್ಯಾಹ್ನ ಹೊರಗೆ ಬಂದಾಗ ಮೈಯೆಲ್ಲ ಗ್ರೀಸು. ನಕ್ಕವರಿಗೆ ನಾಚಿಕೆಯಾಯಿತು.

ಅವನು ಇಲ್ಲಿನ ಲೈಸೆನ್ಸ್ ಮಾಡಿಸಿಕೊಂಡ. ಆದರೆ ಹಳೆಯ ಅಭ್ಯಾಸ ಬಿಡಬೇಕಲ್ಲ! ಗಲ್ಫ್‌ನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ. ಸ್ಟೀರಿಂಗ್ ಎಡಗಡೆ ಇರುತ್ತದೆ. ನಮ್ಮಲ್ಲಿ ಎಡಕ್ಕೆ ಹೋಗಬೇಕು. ಸ್ಟೀರಿಂಗ್ ಬಲಗಡೆ ಇರುತ್ತದೆ.

ಒಂದು ದಿನ ನಸುಕಿನಲ್ಲಿ ಅವನು ಮಾವನ ಕಾರು ತೆಗೆದುಕೊಂಡು ನಂತೂರಿಗೆ ಬಂದ. ರಸ್ತೆ ಖಾಲಿ ಇತ್ತು. ಬಲಕ್ಕೆ ತಿರುಗಿದ. ತಿರುಗಿದವನು ಎಡಕ್ಕೆ ಸೇರಲಿಲ್ಲ, ಬಲದಲ್ಲೇ ಉಳಿದ. ಎದುರಿಗೆ ಬಸ್ಸು! ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದರು. ಒಂದು ಮಾರು ದೂರದಲ್ಲಿ ಬಸ್ಸು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಆ ಭಾನುವಾರ ಅವನು ಮೂಲೆಯಲ್ಲಿ ಕೂತಿದ್ದ. “ಇನ್ನು ನಾನು ಕಾರು ಮುಟ್ಟುವುದಿಲ್ಲ” ಎಂದ.

ನಮ್ಮ ಹಿರಿಯ ಮೆಕ್ಯಾನಿಕ್ ಅವನ ಪಕ್ಕ ಕೂತರು. “ಹೆದರಬೇಡ ಮಾರಾಯ. ಒಂದು ಮಾತು ನೆನಪಿಡು. ಯಾವ ದೇಶವೇ ಆಗಲಿ, ಡ್ರೈವರ್ ರಸ್ತೆಯ ನಡುವಿನ ಕಡೆ ಇರಬೇಕು. ನೀನು ಅಂಚಿನ ಕಡೆ ಇದ್ದರೆ ತಪ್ಪು ಬದಿಗೆ ಬಂದಿದ್ದೀ ಅಂತ ಲೆಕ್ಕ” ಎಂದರು.

ಟೀಚರು ಇನ್ನೊಂದು ವಿಷಯ ಹೇಳಿದರು. ಗಲ್ಫ್‌ನ ಬಹ್ರೇನ್ ದೇಶದಲ್ಲಿಯೂ ಮೊದಲು ಎಡಕ್ಕೇ ಹೋಗುತ್ತಿದ್ದರು. 1967ರಲ್ಲಿ ಬಲಕ್ಕೆ ಬದಲಾಯಿಸಿದರು. ಅದೇ ವರ್ಷ ಸ್ವೀಡನ್ ದೇಶವೂ ಬದಲಾಯಿತು. “ಇಡೀ ದೇಶವೇ ಹೊಸದಾಗಿ ಕಲಿಯಿತು. ನಿನ್ನಿಂದ ಆಗದಾ?” ಎಂದು ಕೇಳಿದರು.

ಮುಂದಿನ ತಿಂಗಳುಗಳಲ್ಲಿ ನಮ್ಮಲ್ಲಿ ಒಬ್ಬರು ದಿನವೂ ಅವನ ಪಕ್ಕ ಕೂತರು. ತಿರುವು ಬಂದಾಗಲೆಲ್ಲ “ಎಡ, ಎಡ” ಎಂದರು.

ಅಂಬಾಸಿಡರ್ ರಿಪೇರಿಯೂ ನಡೆಯಿತು. 2014ರಲ್ಲಿಯೇ ಆ ಕಾರಿನ ತಯಾರಿಕೆ ನಿಂತಿದೆ. ಬಿಡಿಭಾಗ ಹುಡುಕಲು ನಾಲ್ಕು ಜನರ ಪರಿಚಯ ಬೇಕು. ನಾವೆಲ್ಲ ಹುಡುಕಿದೆವು.

ಕಾಗದಪತ್ರದ ಕೆಲಸವೂ ಇತ್ತು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಕಾರನ್ನು ಆರ್‌ಟಿಓ ಪರೀಕ್ಷೆಗೆ ಒಯ್ಯಬೇಕು. ಪಾಸಾದರೆ 5 ವರ್ಷಕ್ಕೆ ನವೀಕರಣ ಸಿಗುತ್ತದೆ. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬೇರೆ ನಿಯಮವೂ ಬಂದಿದೆ. ಅದರಲ್ಲಿ ‘ವಿಎ’ ಎಂಬ ಅಕ್ಷರಗಳ ನಂಬರು ಸಿಗುತ್ತದೆ. ಆದರೆ ಆ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಅವನಿಗೆ ಅಜ್ಜಿಯನ್ನು ಬೇಕಾದಾಗ ಕರಕೊಂಡು ಹೋಗಬೇಕಿತ್ತು. ಆದ್ದರಿಂದ ಮೊದಲಿನ ದಾರಿಯನ್ನೇ ಹಿಡಿದ.

ಅವನು ಕನ್ನಡವನ್ನೂ ಕಲಿತ. ಕಲಿಸಿದವರು ಅದೇ ಮೆಕ್ಯಾನಿಕ್. “ನಾನು ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತದ್ದು. ನಾಚಿಕೆ ಎಂತಕ್ಕೆ?” ಎಂದರು. ರಸ್ತೆ ಬದಿಯ ಬೋರ್ಡುಗಳೇ ಪಾಠವಾದವು. ‘ಮುಂದೆ ಶಾಲೆ ಇದೆ.’ ‘ನಿಧಾನವಾಗಿ ಚಲಿಸಿ.’

ನಾವೂ ಅವನಿಂದ ಕಲಿತೆವು. ಅವನು ಬೆಲ್ಟ್ ಕಟ್ಟದೆ ಕಾರು ಹೊರಡಿಸುತ್ತಿರಲಿಲ್ಲ. ನಮಗೆ ಆ ಅಭ್ಯಾಸ ಕಡಿಮೆ ಇತ್ತು. “ಬಸ್ಸು ಆ ದಿನ ನಿಲ್ಲದಿದ್ದರೆ?” ಎಂದು ಕೇಳಿದ. ನಾವು ಮಾತಾಡಲಿಲ್ಲ. ಈಗ ಎಲ್ಲರೂ ಕಟ್ಟುತ್ತೇವೆ.

ಒಂದು ಬೆಳಿಗ್ಗೆ ಅಂಬಾಸಿಡರ್ ಅಂಗಳದಿಂದ ಹೊರಟಿತು. ಅಜ್ಜಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಹೊಸದಾಗಿ ಹಾಕಿಸಿದ ಬೆಲ್ಟನ್ನು ಮೊಮ್ಮಗನೇ ಕಟ್ಟಿದ. ನಂತೂರು ಬಂತು. “ಎಡಕ್ಕೆ ಮಗಾ” ಎಂದರು ಅಜ್ಜಿ. “ಗೊತ್ತುಂಟು ಅಜ್ಜಿ” ಎಂದ ಅವನು.

ಯೋಚಿಸಿ, ಹೇಳಿ

1. ಯುವಕನನ್ನು ನೋಡಿ ಕೆಲವರು ನಕ್ಕದ್ದು ಸರಿಯೇ?
2. ಡ್ರೈವರ್ ರಸ್ತೆಯ ಯಾವ ಕಡೆ ಇರಬೇಕು?
3. ನಿಮ್ಮ ಊರಿಗೆ ಹೊಸಬರು ಬಂದರೆ ನೀವು ಏನು ಕಲಿಸುತ್ತೀರಿ? ಅವರಿಂದ ಏನು ಕಲಿಯುತ್ತೀರಿ?
4. ನಿಮ್ಮ ದಾರಿಯಲ್ಲಿರುವ ಎರಡು ಬೋರ್ಡುಗಳನ್ನು ಓದಿ, ಬರೆಯಿರಿ.