ಹಳೆಯ ಟ್ರ್ಯಾಕ್ಟರಿನ ಬಿಗಿ ಸ್ಟೀರಿಂಗ್: ಮುಂಗಡ ಕೊಡುವ ಮೊದಲು



ಪಾಲಮಲೆಯ ಬುಡದಲ್ಲಿ ಹೊಸ ಟ್ರ್ಯಾಕ್ಟರ್ ಕೊಳ್ಳುವ ಶಕ್ತಿ ಎಲ್ಲ ರೈತರಿಗೂ ಇರುವುದಿಲ್ಲ. ಕಡಲೆಕಾಯಿ, ಮರಗೆಣಸು ಮಾರಿದ ದುಡ್ಡು ಒಂದಿಷ್ಟು, ಮನೆಯಾಕೆಯ ಓಲೆ ಸರ ಅಡವಿಟ್ಟು ತಂದದ್ದು ಒಂದಿಷ್ಟು ಸೇರಿಸಿಕೊಂಡು ಮೆಟ್ಟೂರು, ಮೇಚೇರಿ, ಧರ್ಮಪುರಿ ಕಡೆ ಹಳೆಯ ಗಾಡಿ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಎಂಜಿನ್ನಿನ ಹೊಗೆ ನೋಡುತ್ತಾರೆ, ಹಿಂದಿನ ಟೈರಿನ ಗೆರೆ ನೋಡುತ್ತಾರೆ, ಬಣ್ಣಕ್ಕೂ ಮರುಳಾಗುತ್ತಾರೆ. ಸ್ಟೀರಿಂಗ್ ಬಿಗಿಯಾಗಿದೆ ಎಂದು ಕೈಗೆ ತಿಳಿದರೂ, "ಗ್ರೀಸು ಹೊಡೆದರೆ ಸರಿಹೋಗುತ್ತದೆ ಅಣ್ಣಾ" ಎಂದು ದಳ್ಳಾಳಿ ಹೇಳಿದೊಡನೆ ತಲೆಯಾಡಿಸಿ ಮುಂಗಡ ಎಣಿಸಿಕೊಡುತ್ತಾರೆ.

ಗ್ರೀಸಿನ ಮಾತು ಕೆಲವೊಮ್ಮೆ ನಿಜ. ಆದರೆ ಕೈಗೆ ಒಂದೇ ರೀತಿಯಾಗಿ ತೋರುವ ಆ ಬಿಗಿಗೆ ಟೈರಿನಲ್ಲಿ ಗಾಳಿ ಕಡಿಮೆ ಇರುವುದೂ ಕಾರಣವಾಗಬಹುದು, ಸ್ಟೀರಿಂಗ್ ಬಾಕ್ಸ್ ಪೂರ್ತಿ ಸವೆದುಹೋಗಿರುವುದೂ ಕಾರಣವಾಗಬಹುದು. ಮೊದಲನೆಯದಕ್ಕೆ ಪಂಕ್ಚರ್ ಅಂಗಡಿ ಸಾಕು; ಎರಡನೆಯದಕ್ಕೆ ಒಂದು ಬೆಳೆಯ ಲಾಭವೇ ಸಾಲದೆ ಹೋಗಬಹುದು. ಹಣದ ಮಾತು ಹಾಗಿರಲಿ. ಧರ್ಮಪುರಿ ಕಡೆಯಿಂದ ಗಾಡಿ ತರುವವರು ತೊಪ್ಪೂರು ಘಾಟ್ ಇಳಿಯಬೇಕು. ಅಲ್ಲಿ ಆಗಿರುವ ಅಪಘಾತಗಳು ಎಲ್ಲರಿಗೂ ತಿಳಿದಿವೆ. ಕೊಳತ್ತೂರಿನಿಂದ ಪಾಲಾರ್ ದಾಟಿ ಮಹದೇಶ್ವರ ಬೆಟ್ಟಕ್ಕೆ ಏರುವ ದಾರಿಯ ತಿರುವುಗಳಲ್ಲಿ, ಹಿಂದೆ ತುಂಬಿದ ಟ್ರೈಲರ್ ನೂಕುತ್ತಿರುವಾಗ, ತಿರುಗಿಸಿದ ಸ್ಟೀರಿಂಗ್ ಮರಳಿ ಬಾರದಿದ್ದರೆ ಏನಾಗುತ್ತದೆಂದು ಯೋಚಿಸಿ ನೋಡಿ. ಆದುದರಿಂದ ಬಿಗಿ ಎಲ್ಲಿದೆ ಎಂದು ತಿಳಿಯದೆ ಬೆಲೆಯ ಮಾತೇ ಆಡಬಾರದು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾದುದು ಒಂದು ಜಾಕಿ, ಒಂದು ಅಳತೆ ಟೇಪು, ಎರಡು ಮರದ ದಿಮ್ಮಿ ಮತ್ತು ನಂಬಿಗಸ್ತ ಮೆಕ್ಯಾನಿಕ್ ಒಬ್ಬರು.

ಮೊದಲು ಮುಂದಿನ ಟೈರಿನ ಗಾಳಿ ನೋಡಿರಿ. ಕಡಿಮೆಯಿದ್ದರೆ ಸ್ಟೀರಿಂಗ್ ಭಾರವಾಗುತ್ತದೆ; ಅದು ದೋಷವಲ್ಲ, ಕೊಳ್ಳುವವರಿಗೆ ಲಾಭವೇ. ಇದರ ತಿರುಗುಮುರುಗು ಮೋಸವೂ ಉಂಟು. ಗಾಳಿಯನ್ನು ಕಲ್ಲಿನಂತೆ ತುಂಬಿಸಿಟ್ಟರೆ ಬಿಗಿಯಾದ ಸ್ಟೀರಿಂಗೂ ಹಗುರಾಗಿ ತೋರುತ್ತದೆ. ಸಣ್ಣ ಮುಂಟೈರುಗಳಿಗೆ ಸಾಮಾನ್ಯವಾಗಿ 30 ಪೌಂಡಿನ ಆಸುಪಾಸು ಗಾಳಿ ಸಾಕು. ಆಯಾ ಗಾಡಿಯ ಕೈಪಿಡಿಯ ಲೆಕ್ಕವೇ ಕೊನೆಯ ಮಾತು. ಗಾಳಿ ಸರಿಮಾಡಿಸಿದ ಮೇಲೆಯೇ ಪರೀಕ್ಷೆ ಆರಂಭವಾಗಲಿ. ಗ್ರೀಸ್ ನಿಪ್ಪಲ್‌ಗಳನ್ನೂ ಗಮನಿಸಿರಿ. ಸುತ್ತಲೂ ಹಳೆಯ ಮಣ್ಣು ಗಟ್ಟಿಕಟ್ಟಿದ್ದು, ನಿಪ್ಪಲ್ ತುದಿಯಲ್ಲಿ ಮಾತ್ರ ಹೊಸ ಗ್ರೀಸು ಹೊಳೆಯುತ್ತಿದ್ದರೆ ಅದು ನಿಮ್ಮ ಬರವಿಗಾಗಿ ಮಾಡಿದ ಸಿಂಗಾರ. ವರ್ಷಗಟ್ಟಲೆ ಒಣಗಿ ಸವೆದ ಬುಷ್ ಒಂದು ದಿನದ ಗ್ರೀಸಿನಿಂದ ಗುಣವಾಗುವುದಿಲ್ಲ.

ಬಳಿಕ ಹೊಲದಲ್ಲಿ ಮೊದಲ ಗೇರಿನಲ್ಲಿ ನಿಧಾನವಾಗಿ ಓಡಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿರಿ. ತಿರುಗಿಸಿ ಹಿಡಿತ ಸಡಿಲಿಸಿದಾಗ ಸ್ಟೀರಿಂಗ್ ಸ್ವಲ್ಪವಾದರೂ ತಾನಾಗಿ ನೇರಕ್ಕೆ ಬರಬೇಕು. ಬಿಟ್ಟಲ್ಲೇ ನಿಂತರೆ ಎಲ್ಲೋ ಒಂದು ಕಡೆ ಹಿಡಿದುಕೊಂಡಿದೆ ಎಂದರ್ಥ.

ಇನ್ನು ಮುಖ್ಯ ಪರೀಕ್ಷೆಗೆ ಬರೋಣ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿರಿ. ಮುಂದಿನ ಆಕ್ಸಲಿನ ನಡುಭಾಗಕ್ಕೆ ಜಾಕಿ ಕೊಟ್ಟು ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ, ಆಕ್ಸಲಿನ ಎರಡು ಕಡೆ ದಿಮ್ಮಿ ಇಡಿರಿ. ಬರೀ ಜಾಕಿಯನ್ನು ನಂಬಿ ಅಡಿಗೆ ಕೈ ಹಾಕಬಾರದು. ಈಗ ಸ್ಟೀರಿಂಗ್ ತಿರುಗಿಸಿರಿ. ಎತ್ತಿದಾಗ ಯಾವ ಗಾಡಿಯೂ ಸ್ವಲ್ಪ ಹಗುರಾಗುತ್ತದೆ, ಅದರಲ್ಲಿ ವಿಶೇಷವಿಲ್ಲ. ಆದರೆ ನೆಲದ ಮೇಲೆ ಕಬ್ಬಿಣದಂತಿದ್ದುದು ಎತ್ತಿದೊಡನೆ ಹೂವಿನಂತೆ ತಿರುಗಿದರೆ ಬಾಕ್ಸ್ ಚೆನ್ನಾಗಿದೆ. ಕಿಂಗ್‌ಪಿನ್ನಿನ ಥ್ರಸ್ಟ್ ಬೇರಿಂಗ್ ಮೇಲೆ ಸಂಶಯ ಪಡಬೇಕು. ಗಾಡಿಯ ಮುಂಭಾಗದ ಭಾರವನ್ನೆಲ್ಲ ಹೊರುವುದು ಆ ಚಿಕ್ಕ ಬೇರಿಂಗ್. ಅದು ಒಡೆದಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಭಾರ ಬಿದ್ದಾಗ ಮಾತ್ರ ತನ್ನ ಗುಣ ತೋರಿಸುತ್ತದೆ. ದುರಸ್ತಿ ದೊಡ್ಡದಲ್ಲ.

ಎತ್ತಿದ ಮೇಲೂ ಬಿಗಿಯಾಗಿಯೇ ಇದ್ದರೆ ಸ್ಟೀರಿಂಗ್ ಬಾಕ್ಸಿನ ಡ್ರಾಪ್ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕನ್ನು ಮೆಕ್ಯಾನಿಕ್ ಕೈಯಿಂದ ಬಿಚ್ಚಿಸಿರಿ. ಕೆಲವು ಮಾದರಿಗಳಲ್ಲಿ ಒಂದೇ ಲಿಂಕ್, ಕೆಲವರಲ್ಲಿ ಎರಡು ಬದಿಗೂ ಒಂದೊಂದು. ಮಾರುವವರು ಒಪ್ಪದಿದ್ದರೆ ಅದೇ ಒಂದು ಉತ್ತರ, ಮನೆಗೆ ಹಿಂತಿರುಗಬಹುದು. ಒಪ್ಪಿದರೆ, ಮೊದಲು ಚಕ್ರಗಳನ್ನು ಕೈಯಿಂದ ಆ ಕಡೆ ಈ ಕಡೆ ಆಡಿಸಿರಿ. ಇವು ಬಿಗಿಯಾಗಿದ್ದರೆ ದೋಷ ಕಿಂಗ್‌ಪಿನ್, ಬುಷ್ ಅಥವಾ ಟೈ ರಾಡಿನ ಬಾಲ್ ಜಾಯಿಂಟ್‌ಗಳಲ್ಲಿದೆ. ಚಕ್ರ ಸಲೀಸಾಗಿ ಆಡಿ, ಒಂಟಿಯಾಗಿ ಉಳಿದ ಸ್ಟೀರಿಂಗ್ ಬಿಗಿಯಾಗಿದ್ದರೆ ದೋಷ ಬಾಕ್ಸಿನಲ್ಲಿ ಅಥವಾ ಅದರ ಕಂಬದ ಬುಷ್‌ನಲ್ಲಿದೆ.

ಬಾಕ್ಸಿನ ಬಿಗಿಯಲ್ಲಿ ಎರಡು ಬಗೆ. ಎಣ್ಣೆ ಬತ್ತಿದ ಬಿಗಿ ಒಂದು. ಮುಚ್ಚಳ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಇನ್ನೊಂದು ಕಪಟದ ಬಿಗಿ, ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ಒಳಗಿನ ಸುರುಳಿ ಹಲ್ಲುಗಳು ನಡುವಿನಲ್ಲಿ ಹೆಚ್ಚು ಸವೆಯುತ್ತವೆ, ಎರಡು ತುದಿಗಳಲ್ಲಿ ಹೊಸದರಂತೆಯೇ ಉಳಿಯುತ್ತವೆ. ಸವೆದಾಗ ಸ್ಟೀರಿಂಗ್ ನಡುವಿನಲ್ಲಿ ಸಡಿಲಾಗಿ ಆಡುತ್ತದೆ. ಕೊಳ್ಳುವವರು ಆ ಸಡಿಲನ್ನು ಕಂಡು ಹಿಡಿಯುತ್ತಾರೆಂದು, ಹೊಂದಿಸುವ ಸ್ಕ್ರೂವನ್ನು ಎಳೆದು ಬಿಗಿ ಮಾಡಿರುತ್ತಾರೆ. ಆಗ ನಡುವಿನಲ್ಲಿ ಎಲ್ಲವೂ ಸರಿ. ಎರಡು ಬದಿಗೆ ಹೋದಂತೆ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಲಿಂಕ್ ಬಿಚ್ಚಿದ ಸ್ಟೀರಿಂಗ್ ನಡುವಿನಲ್ಲಿ ಹಗುರಾಗಿದ್ದು ಎಡಬಲದಲ್ಲಿ ಬಿಗಿಯಾಗುತ್ತಿದ್ದರೆ ಆ ಬಾಕ್ಸಿನ ಆಯುಸ್ಸು ಮುಗಿದಿದೆ ಎಂದು ತಿಳಿಯಿರಿ. ಅಲ್ಲಿ ಗ್ರೀಸಿನ ಮಾತು ನಡೆಯದು.

ಗಾಡಿ ಇಳಿಸಿದ ಮೇಲೆ ಟೇಪು ಹಿಡಿದು, ಚಕ್ರಗಳು ನೇರವಿರುವಾಗ, ಎರಡು ಮುಂಚಕ್ರಗಳ ರಿಮ್ಮಿನ ನಡುವಿನ ಅಂತರವನ್ನು ಮುಂಬದಿಯಲ್ಲೂ ಹಿಂಬದಿಯಲ್ಲೂ ಆಕ್ಸಲಿನ ಎತ್ತರದಲ್ಲೇ ಅಳೆಯಿರಿ. ಸಾಮಾನ್ಯವಾಗಿ ಮುಂಬದಿ ಕೆಲವೇ ಮಿಲಿಮೀಟರ್ ಕಿರಿದಾಗಿರುತ್ತದೆ. ಮುಂಬದಿಯೇ ಅಗಲವಾಗಿದ್ದರೆ, ಅಥವಾ ವ್ಯತ್ಯಾಸ ಎರಡು ಬೆರಳಿನಷ್ಟಿದ್ದರೆ, ಟೈ ರಾಡ್ ಬಗ್ಗಿದೆಯೇ ನೋಡಬೇಕು. ರಾಡಿನಲ್ಲಾಗಲಿ ಡ್ರಾಪ್ ಆರ್ಮ್‌ನಲ್ಲಾಗಲಿ ವೆಲ್ಡಿಂಗ್ ಗುರುತು ಕಂಡರೆ ಆ ಭಾಗವನ್ನು ಬದಲಿಸದೆ ಗಾಡಿ ಒಪ್ಪಿಕೊಳ್ಳಬೇಡಿರಿ.

ಪವರ್ ಸ್ಟೀರಿಂಗ್ ಇರುವ ಗಾಡಿಯಾದರೆ ಎಂಜಿನ್ ಆರಿದಾಗ ಭಾರವಾಗಿರುವುದು ಸಹಜ. ಅದರ ತಿರುಗಿಸುವ ಪರೀಕ್ಷೆಯನ್ನು ಜಾಕಿಯಿಲ್ಲದೆ ಎಂಜಿನ್ ಓಡುವಾಗಲೇ ಮಾಡಬೇಕು. ಮೊದಲು ಎಣ್ಣೆಯ ಮಟ್ಟ ನೋಡಿರಿ. ಮಟ್ಟ ಸರಿಯಿದ್ದೂ, ನಿಧಾನ ಓಟದಲ್ಲಿ ಬಿಗಿ, ವೇಗ ಕೊಟ್ಟಾಗ ಹಗುರ ಎಂದಾದರೆ ಪಂಪು ಸೋತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ದೋಷವಿದ್ದ ಮಾತ್ರಕ್ಕೆ ಗಾಡಿ ಬಿಡಬೇಕೆಂದಿಲ್ಲ. ಮೆಕ್ಯಾನಿಕ್‌ನಿಂದ ಖರ್ಚು ಬರೆಸಿಕೊಂಡು ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು. ಮಹೀಂದ್ರ ಬಿ-275, ಮಾಸ್ಸಿ 1035 ಮುಂತಾದವು ಬಹಳ ಓಡಿದ ಮಾದರಿಗಳಾದ್ದರಿಂದ ಬಿಡಿಭಾಗಕ್ಕೆ ಹೆಚ್ಚು ಅಲೆದಾಟವಿಲ್ಲ. ಎಚ್‌ಎಂಟಿ ಟ್ರ್ಯಾಕ್ಟರ್ ಗಟ್ಟಿ ಗಾಡಿಯೇ, ಆದರೆ 2016ರಲ್ಲಿ ಅದರ ತಯಾರಿಕೆ ಮುಚ್ಚಿತು. ಬಾಕ್ಸ್ ಕೆಟ್ಟಿದ್ದರೆ ಭಾಗಗಳು ಸಿಗುವ ಅಂಗಡಿ ಯಾವುದೆಂದು ಮೊದಲೇ ವಿಚಾರಿಸಿ. ಕೊಳ್ಳೇಗಾಲದ ಕಡೆಯಿಂದ ತರುವವರು ಅಲ್ಲಿನ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರವನ್ನೂ, ಗಾಡಿಯ ಮೇಲೆ ಸಾಲವಿದ್ದರೆ ತೀರಿದ ಬ್ಯಾಂಕ್ ಪತ್ರವನ್ನೂ ಕೇಳಿ ಪಡೆಯಬೇಕು.

ಆರೋಗ್ಯದ ಒಂದು ಮಾತೂ ಇಲ್ಲಿ ಸೇರುತ್ತದೆ. ಬಿಗಿ ಸ್ಟೀರಿಂಗ್‌ನೊಡನೆ ದಿನವಿಡೀ ಸೆಣಸುವವರ ಹೆಗಲು, ಕತ್ತು ನೋಯುವುದು ವಯಸ್ಸಿನಿಂದ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಕಿಂಗ್‌ಪಿನ್ನಿಗೆ ಆಗಾಗ ಗ್ರೀಸು ಹೊಡೆದರೆ ಆ ನೋವು ಎಷ್ಟೋ ಕಡಿಮೆಯಾದೀತು. ಪವರ್ ಇಲ್ಲದ ಗಾಡಿಯಲ್ಲಿ ಮುಂಚಕ್ರ ಕಲ್ಲಿಗೆ ತಗಲಿದರೆ ಸ್ಟೀರಿಂಗ್ ಝಾಡಿಸಿ ತಿರುಗುತ್ತದೆ. ಹೆಬ್ಬೆರಳನ್ನು ಕಡ್ಡಿಗಳ ಒಳಗೆ ಸಿಕ್ಕಿಸದೆ ವೃತ್ತದ ಹೊರಗೇ ಇಟ್ಟು ಹಿಡಿಯುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿರಿ.

ಕೊಂಡ ಗಾಡಿಯನ್ನು ಮನೆಗೆ ತರುವ ದಿನ ಟ್ರೈಲರ್ ಕಟ್ಟಬೇಡಿರಿ, ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿರಿ. ತೊಪ್ಪೂರಿನ ಇಳಿಜಾರನ್ನು ಹಗಲು ಹೊತ್ತಿನಲ್ಲಿ, ಎರಡು ಬ್ರೇಕ್ ಪೆಡಲುಗಳನ್ನೂ ಒಟ್ಟಿಗೆ ಸೇರಿಸಿ ಕೊಂಡಿ ಹಾಕಿಕೊಂಡು, ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಖಂಡಿತ ಬೇಡ.