ಎಂಜಿನ್ ದೀಪ ಹತ್ತಿದಾಗ

ಮಾದೇಶ ತಾಳವಾಡಿಯವನು. ಬಾಡಿಗೆ ಕಾರು ಓಡಿಸುತ್ತಾನೆ. ಕಾರಿನ ಮೇಲೆ ಸಾಲ ಇದೆ. ತಿಂಗಳು ತಿಂಗಳು ಕಂತು ಕಟ್ಟಬೇಕು.

ಒಂದು ದಿನ ಸತ್ಯಮಂಗಲಕ್ಕೆ ಹೋಗಿದ್ದ. ಬರುವಾಗ ದಿಂಬಂ ಘಾಟಿ ಹತ್ತಬೇಕು. ಅಲ್ಲಿ 27 ತಿರುವುಗಳಿವೆ. ಅರ್ಧ ದಾರಿಯಲ್ಲಿ ಕಾರು ಜಗ್ಗತೊಡಗಿತು. ಏರು ಎಳೆಯಲಿಲ್ಲ. ಸ್ಟೇರಿಂಗ್ ಮುಂದೆ ಹಳದಿ ದೀಪ ಮಿಣುಕಿತು. ಅದರಲ್ಲಿ ಎಂಜಿನ್ ಚಿತ್ರ ಇತ್ತು. ಮಾದೇಶ ಜಾಗ ನೋಡಿ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಊರಿಗೆ ತಂದ. ದೀಪ ಮಿಣುಕುವುದು ನಿಂತಿತು. ಆದರೆ ಆರಲಿಲ್ಲ.

ಮರುದಿನ ಒಂದು ಗ್ಯಾರೇಜಿಗೆ ಹೋದ. "ಎಂಜಿನ್ ಬಿಚ್ಚಬೇಕು. 30 ಸಾವಿರ ಆಗುತ್ತೆ" ಅಂದರು. ಮಾದೇಶನಿಗೆ ದಿಕ್ಕು ತೋಚಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದ.

"ಅವ್ರು ಏನು ನೋಡಿ ಹಂಗಂದ್ರು?" ಎಂದು ಸಿದ್ದಮ್ಮ ಕೇಳಿದಳು.

"ಏನೂ ನೋಡ್ಲಿಲ್ಲ. ಸದ್ದು ಕೇಳಿ ಹೇಳಿದ್ರು."

"ಹಂಗಾದ್ರೆ ನಮ್ಮಕ್ಕನ ಮಗ ಕೆಂಪನ್ನ ಕೇಳಿ. ಅವನೂ ಮೆಕ್ಯಾನಿಕ್ ಅಲ್ವಾ?"

ಕೆಂಪ ಬಂದ. ಕೈಯಲ್ಲಿ ಸ್ಕ್ಯಾನರ್ ಇತ್ತು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದ. ಕೀಲಿ ತಿರುಗಿಸಿದ.

"ಚಿಕ್ಕಪ್ಪ, ನೀವೇ ಓದಿ" ಎಂದ.

ಮಾದೇಶ ರಾತ್ರಿ ಶಾಲೆಯಲ್ಲಿ ಓದು ಕಲಿತಿದ್ದ. ಒಂದೊಂದಾಗಿ ಓದಿದ: "ಪಿ, ಸೊನ್ನೆ, ಮೂರು, ಸೊನ್ನೆ, ಒಂದು."

ಕೆಂಪ ಅರ್ಥ ಹೇಳಿದ:

ಪಿ – ತೊಂದರೆ ಎಂಜಿನ್ ಅಥವಾ ಗೇರ್ ಭಾಗದ್ದು.
0 – ಈ ಕೋಡಿಗೆ ಎಲ್ಲ ಕಂಪನಿಯ ಕಾರಿನಲ್ಲೂ ಒಂದೇ ಅರ್ಥ.
3 – ಕಿಡಿ ಹತ್ತುವ ಕೆಲಸಕ್ಕೆ ಸೇರಿದ್ದು.
01 – ಒಂದನೇ ಸಿಲಿಂಡರ್.

ಇದು ಅಡುಗೆ ಗ್ಯಾಸ್ ಸಿಲಿಂಡರ್ ಅಲ್ಲ. ಎಂಜಿನ್ ಒಳಗೆ ಪೆಟ್ರೋಲ್ ಉರಿಯುವ ಕೊಳವೆ. ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಹೇಳಿದ್ದು ಇಷ್ಟೇ.

"ಯಾವ ಸಾಮಾನು ಕೆಟ್ಟಿದೆ ಅಂತ ಕೋಡ್ ಹೇಳಲ್ಲ ಚಿಕ್ಕಪ್ಪ. ನೋವು ಎಲ್ಲಿದೆ ಅಂತ ಹೇಳುತ್ತೆ. ಕಾರಣ ನಾವೇ ಹುಡುಕಬೇಕು" ಎಂದ ಕೆಂಪ.

ಈ ಕಾರಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಇದೆ. ಕಾಯಿಲ್ ಕರೆಂಟ್ ಕೊಡುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಕೆಂಪ ಕಾರು ಆಫ್ ಮಾಡಿದ. ಎಂಜಿನ್ ತಣ್ಣಗಾಗಲು ಬಿಟ್ಟ. ಮೊದಲು ಪ್ಲಗ್ ಬಿಚ್ಚಿ ನೋಡಿದ. ಅದು ಚೆನ್ನಾಗಿತ್ತು. ಆಮೇಲೆ ಒಂದನೇ ಕಾಯಿಲನ್ನು ಮೂರನೇ ಜಾಗಕ್ಕೆ ಹಾಕಿದ. ಮೂರನೆಯದನ್ನು ಒಂದನೇ ಜಾಗಕ್ಕೆ ಹಾಕಿದ. ಹಳೇ ಕೋಡ್ ಅಳಿಸಿದ. ಕಾರು ಓಡಿಸಿ ಮತ್ತೆ ನೋಡಿದರು. ಈಗ ಪಿ0303 ಬಂತು!

ಕಾಯಿಲ್ ಹೋದ ಕಡೆ ತೊಂದರೆಯೂ ಹೋಯಿತು. ಹಾಗಾದರೆ ಕೆಟ್ಟಿದ್ದು ಕಾಯಿಲ್. ಪಿ0301 ಎಂದೇ ಮತ್ತೆ ಬಂದಿದ್ದರೆ? ಆಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಬೇಕಿತ್ತು. ಆಮೇಲೆ ಎಂಜಿನ್ ಒತ್ತಡ ಅಳೆಯಬೇಕಿತ್ತು. ಎಂಜಿನ್ ಬಿಚ್ಚುವುದು ಕೊನೆಯ ಮಾತು.

ಹೊಸ ಕಾಯಿಲ್‌ಗೆ 1,800 ರೂಪಾಯಿ ಆಯಿತು. ದೀಪ ಆರಿತು. ಆ ತಿಂಗಳ ಕಂತು ತಪ್ಪಲಿಲ್ಲ. ಈಗ ಕಾರಿನಲ್ಲಿ ಒಂದು ನೋಟ್‌ಬುಕ್ ಇದೆ. ಕೋಡ್ ಬಂದರೆ ಮಾದೇಶ ತಾರೀಖು ಹಾಕಿ ಬರೆದಿಡುತ್ತಾನೆ.

ನೆನಪಿಡಿ
1. ಎಂಜಿನ್ ದೀಪ ಮಿಣುಕಿದರೆ ಕಾರು ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗುತ್ತದೆ. ಹೊಗೆ ಶುದ್ಧಮಾಡುವ ಭಾಗ ಕಾದು ಹಾಳಾಗುತ್ತದೆ. ಅದು ಬಹಳ ದುಬಾರಿ.
2. ದೀಪ ಮಿಣುಕದೆ ಉರಿಯುತ್ತಿದ್ದರೆ ಬೇಗ ತೋರಿಸಿ.
3. ಕೋಡ್ ಬರೆದುಕೊಳ್ಳುವ ಮೊದಲು ಅಳಿಸಬೇಡಿ.
4. "ಕೋಡ್ ಏನು ಬಂತು?" ಎಂದು ಕೇಳಿ. ನೀವೇ ಓದಿ.

ಉತ್ತರ ಬರೆಯಿರಿ
1. ಸಿದ್ದಮ್ಮ ಕೇಳಿದ ಪ್ರಶ್ನೆ ಯಾವುದು? ಅದರಿಂದ ಏನು ಲಾಭವಾಯಿತು?
2. ಕೆಂಪ ಕಾಯಿಲ್‌ಗಳನ್ನು ಅದಲು ಬದಲು ಮಾಡಿದ್ದು ಏಕೆ?
3. ಪಿ0302 ಬಂದರೆ ಎಷ್ಟನೇ ಸಿಲಿಂಡರ್?